ಡಿಸೆಂಬರ್‌ನಲ್ಲಿ ಮಾರಿಷಸ್: ಅಮ್ಮ, ಮಗಳ ಜೊತೆ ಸಮುದ್ರಕ್ಕಿಳಿಯೋದು ಹೇಗೆ?

ವಿಜಯನಗರದವ:
ರಜೆಗೆ ಎಂಟು ದಿನ ಮಾರಿಷಸ್‌ಗೆ ಹೊರಟಿದ್ದೀವಿ. ರೂಮು ಫ್ಲಿಕ್ ಆನ್ ಫ್ಲಾಕ್ ಬೀಚಿನ ಹತ್ತಿರ. ನಾನು, ಹೆಂಡತಿ, ಆರು ವರ್ಷದ ಮಗಳು, 67 ವರ್ಷದ ಅಮ್ಮ. ಅಮ್ಮನಿಗೆ ಬಿಪಿ. ಯಾರಿಗೂ ಈಜು ಬರಲ್ಲ. ಹೋಗಿಬಂದವರು ದಯವಿಟ್ಟು ಹೇಳಿ, ಏನೇನು ಜಾಗ್ರತೆ ಬೇಕು?

ಬಸವನಗುಡಿ ಗೃಹಿಣಿ:
ಎಲ್ಲಕ್ಕಿಂತ ಮೊದಲು ನಾಲ್ಕು ಜೊತೆ ದಪ್ಪ ಅಟ್ಟೆಯ ವಾಟರ್ ಶೂ ತಗೊಳ್ಳಿ. ನಮ್ಮನೆಯವರು ಮೊಣಕಾಲುದ್ದ ನೀರಲ್ಲಿ ಬರಿಗಾಲಲ್ಲಿ ನಡೆದು ಸೀ ಅರ್ಚಿನ್ (ಮೈತುಂಬ ಮುಳ್ಳಿರೋ ಸಮುದ್ರ ಜೀವಿ) ತುಳಿದರು. ಹಿಮ್ಮಡಿ ತಿರುಗಿಸಿ ನೋಡಿದರೆ ಸಾಸಿವೆ ಸಿಡಿದ ಹಾಗೆ ಹನ್ನೊಂದು ಕಪ್ಪು ಚುಕ್ಕೆ, ಒಂದೊಂದೂ ಒಳಗೇ ಮುರಿದ ಮುಳ್ಳು. ರೂಮಿನ ಕೆಟಲ್‌ನಲ್ಲಿ ನೀರು ಕಾಯಿಸಿ, ತಣ್ಣೀರು ಬೆರೆಸಿ, ಮಗುವಿನ ಸ್ನಾನಕ್ಕೆ ನೋಡೋ ಹಾಗೆ ನಾನೇ ಮೊಣಕೈ ಅದ್ದಿ ನೋಡಿ ಕಾಲು ಇಡಿಸಿದೆ. ತಡೆಯೋಷ್ಟು ಬಿಸಿ ಸಾಕು, 45 ಡಿಗ್ರಿ ದಾಟಬಾರದು. ಅರ್ಧ ಗಂಟೆಗೆ ನೋವು ಇಳೀತು. ಮುಳ್ಳನ್ನ ಕ್ಲಿನಿಕ್‌ನಲ್ಲಿ ತೆಗೆಸಿದ್ವಿ, ನೀವೇ ಸೂಜಿ ಹಾಕಿ ಕೆದಕಬೇಡಿ. ಅಲ್ಲಿ ಸ್ಟೋನ್‌ಫಿಶ್ ಅನ್ನೋ ವಿಷದ ಮುಳ್ಳಿನ ಮೀನು ಕೂಡ ಇದೆ, ನೋಡೋಕೆ ಥೇಟ್ ಕಲ್ಲು. ಅದು ಚುಚ್ಚಿದರೂ ಬಿಸಿನೀರೇ, ಆದರೆ ಕಾಯಬೇಡಿ, ಕೂಡಲೇ 114ಕ್ಕೆ ಫೋನ್ ಮಾಡಿ. ಅಲ್ಲಿನ ಆಂಬುಲೆನ್ಸ್ ನಂಬರ್ ಅದು.

ದ್ವೀಪದ ಬಹುಪಾಲು ಸುತ್ತ ಹವಳದ ದಿಬ್ಬ ಇದೆ, ಅಲೆ ದೂರದಲ್ಲೇ ಒಡೆಯುತ್ತೆ. ಒಳಗಿನ ನೀರು ನಮ್ಮ ಕೆರೆ ಥರ ಕಾಣುತ್ತೆ. ಆದರೆ ದಿಬ್ಬದಲ್ಲಿ ಬಿರುಕಿರೋ ಕಡೆ ಇಳಿತದ ಹೊತ್ತಲ್ಲಿ ನೀರು ಹೊರಗೆ ಎಳೀತಾ ಹೋಗುತ್ತೆ. ಗಾಳಿ ತುಂಬಿದ ಟ್ಯೂಬ್ ಮೇಲೆ ಮಗಳನ್ನ ಬಿಡಲೇಬೇಡಿ, ಗಾಳಿ ತಳ್ಳಿಕೊಂಡು ಹೋಗುತ್ತೆ. ಲೈಫ್ ಜಾಕೆಟ್ ಹಾಕಿ, ನೀವು ಕೈಯಳತೆಯಲ್ಲೇ ಇರಿ. ದಕ್ಷಿಣದ ಗ್ರಿ ಗ್ರಿ ಬೀಚಲ್ಲಿ ಆ ದಿಬ್ಬವೇ ಇಲ್ಲ. ದಡದಲ್ಲಿ ನಿಂತು ನೋಡಿ ಬನ್ನಿ, ಇಳಿಯಬೇಡಿ.

ಡಿಸೆಂಬರ್‌ನಲ್ಲಿ ಅಲ್ಲಿ ಮಧ್ಯಾಹ್ನ ಸೂರ್ಯ ಹೆಚ್ಚುಕಡಿಮೆ ನೆತ್ತಿ ಮೇಲೇ ಇರ್ತಾನೆ. ತಂಗಾಳಿಗೆ ಸುಡೋದು ಗೊತ್ತೇ ಆಗಲ್ಲ. ಹತ್ತರಿಂದ ಮೂರರವರೆಗೆ ನೆರಳಲ್ಲಿರಿ, ಮಗಳಿಗೆ ತುಂಬು ತೋಳಿನ ಈಜುಡುಗೆ ಹಾಕಿ, ಎರಡು ಗಂಟೆಗೊಮ್ಮೆ ಸನ್‌ಸ್ಕ್ರೀನ್. ಅದು ಚಂಡಮಾರುತದ ಕಾಲ ಕೂಡ. ಅಲ್ಲಿ ಎಚ್ಚರಿಕೆ 1ರಿಂದ 4ನೇ ಕ್ಲಾಸ್‌ವರೆಗೆ ಕೊಡ್ತಾರೆ, ದಿನಾ ಬೆಳಿಗ್ಗೆ ಹೋಟೆಲಲ್ಲಿ ಕೇಳಿಕೊಳ್ಳಿ.

ಔಷಧಿ ಅಂಗಡಿಯವ, ಹನುಮಂತನಗರ:
ಅಮ್ಮನ ಬಿಪಿ ಮಾತ್ರೆಯ ಹಾಳೆ ತಿರುಗಿಸಿ ಓದಿ. ಹೈಡ್ರೋಕ್ಲೋರೋಥಯಝೈಡ್ ಅಂತಿದ್ದರೆ ಮೂತ್ರ ಜಾಸ್ತಿ ಹೋಗುತ್ತೆ, ಚರ್ಮಕ್ಕೂ ಬಿಸಿಲು ಬೇಗ ತಾಗುತ್ತೆ. ನೀವಾಗಿ ನಿಲ್ಲಿಸಬೇಡಿ, ಡಾಕ್ಟರ್ ಹತ್ರ ಮಾತಾಡಿ. ಮಾತ್ರೆ ಕೈಚೀಲದಲ್ಲೇ ಇರಲಿ, ಚೀಟಿ ಸಮೇತ. ನಿದ್ದೆ ಮಾತ್ರೆ, ಜೋರು ನೋವಿನ ಮಾತ್ರೆ ಇದ್ದರೆ ಆ ದೇಶದ ನಿಯಮ ತುಂಬಾ ಬಿಗಿ, ಹೋಗೋ ಮುಂಚೆ ವಿಚಾರಿಸಿ.

ವಿಜಯನಗರದವ:
ಹಾಳೆ ನೋಡಿದೆ ಸಾರ್, ಅದೇ ಇದೆ, 12.5 ಎಂಜಿ. ಶನಿವಾರ ಡಾಕ್ಟರ್ ಹತ್ರ ಹೋಗ್ತೀವಿ. ಮೇಡಂ, ಅಮ್ಮ ಸೀರೆಯಲ್ಲೇ ನೀರಿಗಿಳೀತೀನಿ ಅಂತಾರೆ. ಪರವಾಗಿಲ್ವಾ?

ಬಸವನಗುಡಿ ಗೃಹಿಣಿ:
ಬೇಡ. ಒದ್ದೆ ಸೀರೆ ಭಾರ ಆಗಿ ಕಾಲಿಗೆ ಸುತ್ತಿಕೊಳ್ಳುತ್ತೆ, ಚಿಕ್ಕ ಅಲೆಗೂ ಬೀಳ್ತಾರೆ. ನಮ್ಮತ್ತೆಗೂ ಚೂಡಿದಾರ್ ಹೊಲಿಸಿದೆ, ದುಪಟ್ಟಾ ಬಿಟ್ಟು. ಪಾದ ಮುಳುಗೋಷ್ಟು ನೀರಲ್ಲಿ ಸಂಜೆ ಒಂದು ಗಂಟೆ ಕೂತಿದ್ದರು. ಆಗಲೂ ಶೂ ಹಾಕಿದ್ದರು.