ಪದಚರ್ಚೆ: ಫುಟ್‌ಬಾಲ್‌ನ ‘ಋತು’, ‘ಬರಾಜ್’, ‘ಗೆರೆ’, ‘ನಾತ್ಸಿ’ – ಸ್ವಿಸ್ ಲೀಗ್ ಬರಹಕ್ಕೆ ಕನ್ನಡ

ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಸ್ವಿಟ್ಜರ್ಲೆಂಡಿನ 2024–25ರ ಫುಟ್‌ಬಾಲ್ ಕುರಿತ ಬರಹವೊಂದನ್ನು ತಿದ್ದುತ್ತಿದ್ದೇನೆ. ಪುರುಷರ ಲೀಗ್ ಮತ್ತು ಮಹಿಳೆಯರ ಲೀಗ್ ಎರಡೂ ಅದರಲ್ಲಿವೆ. ‘ಸೀಸನ್’ ಬಂದಲ್ಲೆಲ್ಲ ‘ಋತು’ ಎಂದು ಬರೆಯುವುದು ನಮ್ಮ ಪತ್ರಿಕೆಗಳ ರೂಢಿ. ‘ಪುರುಷರ ಋತು ಜುಲೈನಲ್ಲಿ ಶುರು’ ಎಂದರೆ ತೊಂದರೆಯಿಲ್ಲ. ಅದೇ ವಾಕ್ಯವನ್ನು ಮಹಿಳೆಯರ ಲೀಗಿಗೆ ಬರೆದರೆ ಓದುವವರ ಮನಸ್ಸು ಬೇರೆ ಅರ್ಥಕ್ಕೆ ಹೋಗುತ್ತದೆ. ಎರಡಕ್ಕೂ ಸಮನಾಗಿ ಹೊಂದುವ ಪದ ಯಾವುದು?

ಇನ್ನೂ ಮೂರು ತೊಡಕುಗಳಿವೆ. ಲೀಗ್‌ನ ಕೊನೆಯಲ್ಲಿ ಉಳಿವಿಗಾಗಿ ಆಡುವ ‘ಬರಾಜ್’ ಎಂಬುದನ್ನು ಏನೆಂದು ಬರೆಯಬೇಕು? ‘ಗೆರೆಯ ಮೇಲೆ’, ‘ಗೆರೆಯ ಕೆಳಗೆ’ ಎಂದು ಅಲ್ಲಿನವರು ಹೇಳುವುದು ಯಾವ ಗೆರೆ? ರಾಷ್ಟ್ರೀಯ ತಂಡಕ್ಕೆ ಮೂಲದಲ್ಲಿ ‘ನಾಟಿ’ ಎಂಬಂತೆ ಓದಿಸುವ ಪದವಿದೆ, ಅದನ್ನು ಹಾಗೇ ಬಿಡಬಹುದೇ?

ಉತ್ತರ 1:

ಮೇಡಂ, ‘ಋತು’ ಬಗ್ಗೆ ನಿಮ್ಮ ಅನುಮಾನ ಸರಿ. ಋತುಮತಿ, ಋತುಚಕ್ರ, ಋತುಸ್ರಾವ ಎಲ್ಲವೂ ದಿನಬಳಕೆಯ ಪದಗಳು. ‘ಮಹಿಳೆಯರ’ ಎಂಬುದರ ಪಕ್ಕದಲ್ಲಿ ‘ಋತು’ ಕೂತರೆ ಆ ಅರ್ಥವೇ ಮೊದಲು ಬರುತ್ತದೆ. ಪುರುಷರ ಲೀಗಿಗೆ ‘ಋತು’ ಇಟ್ಟುಕೊಂಡು ಮಹಿಳೆಯರ ಲೀಗಿಗೆ ಮಾತ್ರ ಬೇರೆ ಪದ ಹುಡುಕುವುದೂ ಸರಿಯಲ್ಲ. ಒಂದೇ ಆಟ, ಒಂದೇ ಸಂಗತಿ. ಎರಡೂ ಕಡೆ ಒಂದೇ ಪದ ಓಡಬೇಕು.

ಸ್ವಿಟ್ಜರ್ಲೆಂಡಿನ ಭಾಷೆಗಳನ್ನು ನೋಡಿದರೆ ಈ ತೊಡಕಿನ ಬೇರು ಕಾಣುತ್ತದೆ. ಫ್ರೆಂಚಿನ ‘ಸೆಝೋಂ’, ಇಟಾಲಿಯನ್ನಿನ ‘ಸ್ತಾಜೋನೆ’ ಎರಡೂ ವಸಂತ, ಗ್ರೀಷ್ಮಗಳಿಗೂ ಆಗುತ್ತವೆ, ಲೀಗಿಗೂ ಆಗುತ್ತವೆ. ಜರ್ಮನ್‌ನಲ್ಲಿ ಹಾಗಲ್ಲ. ವಸಂತಾದಿಗಳಿಗೆ ‘ಯಾರೆಸ್‌ಝೈಟ್’ ಎಂಬ ಬೇರೆಯೇ ಪದವಿದೆ, ಲೀಗಿಗೆ ಮಾತ್ರ ಫ್ರೆಂಚಿನಿಂದ ತಂದ ‘ಸೆಝೋಂ’. ಕನ್ನಡ ಪತ್ರಿಕೆಗಳು ಇಂಗ್ಲಿಷಿನ ಜಾಡು ಹಿಡಿದು ಎರಡಕ್ಕೂ ‘ಋತು’ ಹಾಕಿದವು. ಆದರೆ ಜುಲೈನಲ್ಲಿ ಶುರುವಾಗಿ ಮರುವರ್ಷದ ಮೇನಲ್ಲಿ ಮುಗಿಯುವ ಲೀಗು ನಾಲ್ಕಾರು ಋತುಗಳನ್ನು ದಾಟುತ್ತದೆ. ಅರ್ಥದ ಪ್ರಕಾರವೂ ಆ ಪದ ಅಲ್ಲಿ ನಿಲ್ಲುವುದಿಲ್ಲ.

ನಮ್ಮಲ್ಲೇ ಇರುವ ಪದ ‘ಸಾಲು’. ‘2024–25ನೇ ಸಾಲಿನ ಬಜೆಟ್’, ‘2024–25ನೇ ಸಾಲಿನ ವಿದ್ಯಾರ್ಥಿವೇತನ’ ಎಂದು ದಿನಾಲೂ ಓದುತ್ತೇವೆ. ಎರಡು ಕ್ಯಾಲೆಂಡರ್ ವರ್ಷಗಳ ಮೇಲೆ ಹರಡಿದ ಒಂದು ಅವಧಿಗೆ ಕನ್ನಡದಲ್ಲಿ ನೆಲೆಯಾದ ಪದ ಅದೇ. ‘2024–25ನೇ ಸಾಲಿನ ಪುರುಷರ ಲೀಗ್‌ನಲ್ಲಿ ಬಾಸೆಲ್ ಚಾಂಪಿಯನ್, ಮಹಿಳೆಯರ ಲೀಗ್‌ನಲ್ಲಿ ಯಂಗ್ ಬಾಯ್ಸ್ ಚಾಂಪಿಯನ್’ ಎಂದು ಬರೆದು ಓದಿ. ಎಲ್ಲಿಯೂ ಎಡವುವುದಿಲ್ಲ.

ಎರಡು ಎಚ್ಚರಿಕೆ. ವರ್ಷದ ಅಂಕಿ ಜೊತೆಗಿಲ್ಲದಿದ್ದರೆ ‘ಸಾಲು’ ಎಂದರೆ ಪಂಕ್ತಿ. ‘ಸಾಲಿನ ಕೊನೆಯಲ್ಲಿ ಶಾಚಿರಿ ಗೋಲು ಹೊಡೆದರು’ ಎಂದರೆ ಯಾವ ಸಾಲು ಎಂದು ಕೇಳುತ್ತಾರೆ. ಅಂಥ ಕಡೆ ‘ಲೀಗ್‌ನ ಕೊನೆಯಲ್ಲಿ’ ಅನ್ನಿ, ಇಲ್ಲವೇ ‘ಸೀಸನ್’ ಎಂದೇ ಬರೆಯಿರಿ. ಮಾತಿನಲ್ಲಿ ಎಲ್ಲರೂ ಹೇಳುವುದು ಅದನ್ನೇ. ಎರಡನೆಯದು, ಕನ್ನಡ ಓದುಗರಿಗೆ ಸಾಲು ಎಂದರೆ ಸರ್ಕಾರಿ ಲೆಕ್ಕದಲ್ಲಿ ಏಪ್ರಿಲ್‌ನಿಂದ ಮಾರ್ಚ್, ಶಾಲೆಯ ಲೆಕ್ಕದಲ್ಲಿ ಮೇ ಕೊನೆಯಿಂದ. ಆದ್ದರಿಂದ ಬರಹದ ಮೊದಲಲ್ಲೇ ಒಮ್ಮೆ ತಿಂಗಳುಗಳನ್ನು ಹೇಳಿಬಿಡಿ: ಪುರುಷರದು ಜುಲೈನಿಂದ ಮೇ, ಮಹಿಳೆಯರದು ಆಗಸ್ಟ್‌ನಿಂದ ಮೇ, ನಡುವೆ ಚಳಿಗಾಲದ ಬಿಡುವು.

‘ಹಂಗಾಮು’ ಕೂಡ ಒಳ್ಳೆಯ ಪದ. ಇಂಗ್ಲಿಷಿನ ‘ಸೀಸನ್’ ಹುಟ್ಟಿದ್ದು ಲ್ಯಾಟಿನ್ನಿನ ‘ಬಿತ್ತನೆ’ ಎಂಬರ್ಥದ ಪದದಿಂದ. ನಮ್ಮ ಮುಂಗಾರು ಹಂಗಾಮು, ಹಿಂಗಾರು ಹಂಗಾಮುಗಳಲ್ಲೂ ಅದೇ ಅರ್ಥ. ಕಬ್ಬು ನುರಿಸುವ ಹಂಗಾಮು ವರ್ಷದ ಗಡಿಯನ್ನೂ ದಾಟುತ್ತದೆ. ಮರಾಠಿಯಲ್ಲಿ ಕ್ರೀಡೆಗೆ ‘ಹಂಗಾಮ್’ ಸಲೀಸಾಗಿ ಬಳಸುತ್ತಾರೆ, ಹಾಗಾಗಿ ಉತ್ತರ ಕರ್ನಾಟಕದ ಓದುಗರಿಗೆ ಇದು ಹೊಸದೆನಿಸದು. ಅಡ್ಡಿ ಒಂದೇ, ‘ಹಂಗಾಮಿ’. ‘ಈ ಹಂಗಾಮಿನ ನಾಯಕಿ’ ಎಂದರೆ ಅವಸರದ ಓದಿಗೆ ‘ಹಂಗಾಮಿ ನಾಯಕಿ’ ಆಗಿಬಿಡುತ್ತದೆ. ಇನ್ನು ‘ಆವೃತ್ತಿ’ ಪಂದ್ಯಾವಳಿಯ ಎಣಿಕೆಗೆ ಸರಿ. ‘ಆವೃತ್ತಿಯುದ್ದಕ್ಕೂ ಗಾಯದಿಂದ ಬಳಲಿದರು’ ಎಂದರೆ ಹೊಂದದು.

ಉತ್ತರ 2:

‘ಸಾಲು’ ನನಗೂ ಒಪ್ಪಿಗೆ. ಬರಾಜ್ ಮತ್ತು ಗೆರೆಯ ಬಗ್ಗೆ ಬರೆಯುತ್ತೇನೆ. ಲೀಗ್ ನಡೆಯುವ ಬಗೆ ತಿಳಿಯದೆ ಈ ಪದಗಳು ಬಗೆಹರಿಯುವುದಿಲ್ಲ.

ಪುರುಷರ ಅತಿ ಮೇಲಿನ ಲೀಗಾದ ಸೂಪರ್ ಲೀಗ್‌ನಲ್ಲಿ 2023–24ರಿಂದ 12 ತಂಡಗಳಿವೆ. ಅದಕ್ಕೆ ಮುಂಚೆ 10 ಇದ್ದವು. ಪ್ರತಿ ತಂಡವೂ ಉಳಿದ 11 ತಂಡಗಳ ಎದುರು ಮೂರು ಸಲ ಆಡುತ್ತದೆ, ಅಲ್ಲಿಗೆ 33 ಪಂದ್ಯ. ಆಗ ಪಟ್ಟಿಯನ್ನು ನಡುವೆ ಕತ್ತರಿಸುತ್ತಾರೆ. ಮೊದಲ ಆರು ತಂಡ ಚಾಂಪಿಯನ್ ಗುಂಪು, ಉಳಿದ ಆರು ಕೆಳಗಿನ ಗುಂಪು. ಆಯಾ ಗುಂಪಿನೊಳಗೆ ಇನ್ನು ಐದೈದು ಪಂದ್ಯ, ಒಟ್ಟು 38. ಗಳಿಸಿದ ಅಂಕಗಳು ಪೂರ್ತಿಯಾಗಿ ಮುಂದಕ್ಕೆ ಬರುತ್ತವೆ.

ಜರ್ಮನ್ ಮಾತಿನವರು ‘ಶ್ಟ್ರಿಖ್’ ಎನ್ನುವ ಗೆರೆ ಈ ಆರು ಮತ್ತು ಏಳನೆಯ ಸ್ಥಾನಗಳ ನಡುವಿನದು. 2024–25ರಲ್ಲಿ ಬಾಸೆಲ್, ಸೆರ್ವೆಟ್, ಯಂಗ್ ಬಾಯ್ಸ್, ಲುಗಾನೊ, ಲೋಝಾನ್, ಲುಟ್ಸರ್ನ್ ಗೆರೆಯಿಂದ ಮೇಲಿದ್ದವು. ಇಲ್ಲಿ ವಿಭಕ್ತಿಯ ಪ್ರಶ್ನೆ ಬರುತ್ತದೆ. ‘ಗೆರೆಯ ಮೇಲೆ’ ಎಂದರೆ ಕನ್ನಡದಲ್ಲಿ ಗೆರೆಯನ್ನು ತುಳಿದು ನಿಂತಂತೆ. ಚೆಂಡಿನ ವಿಷಯದಲ್ಲಿ ‘ಗೆರೆಯ ಮೇಲೆ’ ಎಂಬುದಕ್ಕೆ ನಿಯಮದಲ್ಲೇ ಬೇರೆ ಬೆಲೆಯಿದೆ: ಗೋಲಿನ ಗೆರೆಯನ್ನು ಪೂರ್ತಿ ದಾಟದೆ ಮೇಲೆ ನಿಂತ ಚೆಂಡು ಗೋಲಲ್ಲ. ಹಾಗಾಗಿ ಪಟ್ಟಿಗೆ ‘ಗೆರೆಯಿಂದ ಮೇಲೆ’, ‘ಗೆರೆಯಿಂದ ಕೆಳಗೆ’ ಎಂದೇ ಬರೆಯಬೇಕು. ಮೊದಲ ಸಲ ಬಂದಾಗ ‘ಆರನೇ ಸ್ಥಾನದ ಗೆರೆ’ ಎಂದು ಬಿಡಿಸಿ ಹೇಳಿ.

ಇದರಿಂದಲೇ ಆಗುವ ಇನ್ನೊಂದು ತಪ್ಪು. ಕತ್ತರಿಸಿದ ಮೇಲೆ ಏಳನೆಯ ತಂಡ ಎಷ್ಟೇ ಗೆದ್ದರೂ ಆರಕ್ಕೆ ಏರಲಾಗದು. ಕೊನೆಯ ಪಟ್ಟಿಯಲ್ಲಿ ಏಳನೆಯವರ ಅಂಕ ಆರನೆಯವರಿಗಿಂತ ಹೆಚ್ಚಿರಲೂಬಹುದು. ಅದನ್ನು ಅಚ್ಚಿನ ತಪ್ಪೆಂದು ತಿಳಿದು ಸ್ಥಾನ ಅದಲು ಬದಲು ಮಾಡಬಾರದು.

ಈಗ ಬರಾಜ್. 12ನೆಯ ತಂಡ ನೇರವಾಗಿ ಕೆಳಗಿನ ಚಾಲೆಂಜ್ ಲೀಗಿಗೆ ಇಳಿಯುತ್ತದೆ. 11ನೆಯ ತಂಡವು ಚಾಲೆಂಜ್ ಲೀಗಿನ ಎರಡನೆಯ ತಂಡದೊಂದಿಗೆ ಎರಡು ಪಂದ್ಯ ಆಡುತ್ತದೆ, ಒಂದು ತನ್ನ ಅಂಗಳದಲ್ಲಿ, ಒಂದು ಎದುರಾಳಿಯ ಅಂಗಳದಲ್ಲಿ. ಎರಡರ ಗೋಲು ಕೂಡಿಸಿ ಗೆದ್ದವರು ಮೇಲಿನ ಲೀಗಿನಲ್ಲಿ. ಇದೇ ಬರಾಜ್. 2025ರಲ್ಲಿ ಈವೆರ್ದೋಂ ನೇರವಾಗಿ ಇಳಿಯಿತು, ಟೂನ್ ನೇರವಾಗಿ ಏರಿತು, ಗ್ರಾಸ್‌ಹಾಪರ್ ತಂಡ ಬರಾಜ್‌ನಲ್ಲಿ ಆರಾವ್ ತಂಡವನ್ನು ಸೋಲಿಸಿ ಉಳಿದುಕೊಂಡಿತು.

ನಮ್ಮ ಹಿಪ್ಪರಗಿ ಬ್ಯಾರೇಜಿನ ‘ಬ್ಯಾರೇಜು’ ಕೂಡ ಇದೇ ಫ್ರೆಂಚ್ ಪದ; ಅಡ್ಡಗಟ್ಟು ಎಂಬುದು ಮೂಲಾರ್ಥ. ಹಾಗೆಂದು ‘ಬ್ಯಾರೇಜ್ ಪಂದ್ಯ’ ಎಂದು ಬರೆದರೆ ನದಿಯೇ ಕಣ್ಣಿಗೆ ಬರುತ್ತದೆ. ‘ಪ್ಲೇಆಫ್’ ಕೂಡ ಬೇಡ. ಐಪಿಎಲ್, ಕಬಡ್ಡಿಯಿಂದಾಗಿ ನಮ್ಮ ಓದುಗರಿಗೆ ಪ್ಲೇಆಫ್ ಎಂದರೆ ಪ್ರಶಸ್ತಿಯ ದಾರಿ. ಅದಕ್ಕಿಂತ ಮುಖ್ಯವಾಗಿ, ಇದೇ ಬರಹದಲ್ಲಿ ಮಹಿಳೆಯರ ಲೀಗಿಗೆ ನಿಜವಾದ ಪ್ಲೇಆಫ್ ಇದೆ. ಒಂದೇ ಪುಟದಲ್ಲಿ ಆ ಪದ ಎರಡು ಅರ್ಥ ಹೊತ್ತರೆ ಓದುಗರು ದಾರಿ ತಪ್ಪುತ್ತಾರೆ. ನನ್ನ ಸಲಹೆ ‘ಉಳಿವಿನ ಪಂದ್ಯ’. ಕೆಳಗಿನ ಲೀಗಿನ ತಂಡದ ಕಡೆಯಿಂದ ಹೇಳುವಾಗ ‘ಬಡ್ತಿ ಪಂದ್ಯ’. ಬಡ್ತಿ, ಹಿಂಬಡ್ತಿ ಕಚೇರಿಯ ಪದಗಳಾದರೂ ಲೀಗಿನ ಏರಿಳಿತಕ್ಕೆ ಚೆನ್ನಾಗಿ ಹೊಂದುತ್ತವೆ.

ಮಹಿಳೆಯರ ಸೂಪರ್ ಲೀಗ್‌ನಲ್ಲಿ 10 ತಂಡ. ಪ್ರತಿ ಎದುರಾಳಿಯೊಂದಿಗೆ ಎರಡು ಸಲದಂತೆ 18 ಪಂದ್ಯ, ಆಮೇಲೆ ಮೊದಲ ಎಂಟು ತಂಡಗಳಿಗೆ ಪ್ಲೇಆಫ್: ಕ್ವಾರ್ಟರ್‌ಫೈನಲ್, ಸೆಮಿಫೈನಲ್, ಫೈನಲ್. ಹಾಗಾಗಿ ಇಲ್ಲಿ ‘ಅಗ್ರಸ್ಥಾನ’ವೇ ಬೇರೆ, ‘ಚಾಂಪಿಯನ್’ ಬೇರೆ. ಪುರುಷರ ಪಟ್ಟಿಯಲ್ಲಿ ಕೊನೆಗೆ ಮೊದಲಿದ್ದವರೇ ಚಾಂಪಿಯನ್. ಮಹಿಳೆಯರ ಪಟ್ಟಿಯಲ್ಲಿ 18 ಪಂದ್ಯ ಮುಗಿದಾಗ ಮೊದಲಿದ್ದವರಿಗೆ ಪ್ಲೇಆಫ್ ಇನ್ನೂ ಬಾಕಿ. ‘ಪ್ರಶಸ್ತಿ ಖಚಿತ’ ಎಂಬ ಶೀರ್ಷಿಕೆಯನ್ನು ಅಲ್ಲಿ ಅವಸರದಲ್ಲಿ ಹಾಕಬೇಡಿ.

ಜರ್ಮನ್ ವರದಿಗಳಲ್ಲಿ ಚಳಿಗಾಲದ ಬಿಡುವಿಗೆ ಮುಂಚಿನದು ‘ಫೋರ್‌ರುಂಡ’, ಆಮೇಲಿನದು ‘ರ್ಯೂಕ್‌ರುಂಡ’. ಇವಕ್ಕೆ ‘ಮೊದಲಾರ್ಧ’, ‘ದ್ವಿತೀಯಾರ್ಧ’ ಹಾಕಿದರೆ 45 ನಿಮಿಷದ ಆಟ ಎಂದು ಓದುತ್ತಾರೆ. ‘ಬಿಡುವಿಗೆ ಮುಂಚೆ’, ‘ಬಿಡುವಿನ ನಂತರ’ ಸಾಕು. ‘ಇಂಗ್ಲಿಷ್ ವಾರ’ ಎಂದು ಎಲ್ಲಾದರೂ ಕಂಡರೆ ವಾರದ ನಡುವೆಯೂ ಪಂದ್ಯವಿರುವ ವಾರ ಎಂದರ್ಥ.

ಪ್ರಶ್ನೆ ಕೇಳಿದವರಿಂದ:

ಇಬ್ಬರಿಗೂ ಧನ್ಯವಾದ. ‘ಉಳಿವಿನ ಪಂದ್ಯ’ ತೆಗೆದುಕೊಳ್ಳುತ್ತೇನೆ. ಗೋಲ್, ಪೆನಾಲ್ಟಿ, ಕಾರ್ನರ್ ಇತ್ಯಾದಿಗಳನ್ನು ಕನ್ನಡಕ್ಕೆ ತರಬೇಕೆಂಬ ಒತ್ತಾಯವೂ ಇದೆ. ಹೆಸರುಗಳ ಉಚ್ಚಾರವನ್ನೂ ದಯವಿಟ್ಟು ತಿಳಿಸಿ.

ಉತ್ತರ 1:

ಪೆನಾಲ್ಟಿ, ಕಾರ್ನರ್‌ಗಳನ್ನು ಹಾಗೇ ಬಿಡಿ. ಸ್ವಿಸ್ ಜರ್ಮನ್ ಮಾತಿನವರೂ ಬಿಟ್ಟಿದ್ದಾರೆ. ಜರ್ಮನಿಯಲ್ಲಿ ಟೋರ್, ಎಲ್ಫ್‌ಮೇಟರ್, ಎಕ್‌ಬಾಲ್, ಪೊಕಾಲ್ ಎನ್ನುವಲ್ಲಿ ಇವರು ಗೋಲ್, ಪೆನಾಲ್ಟಿ, ಕಾರ್ನರ್, ಕಪ್ ಎನ್ನುತ್ತಾರೆ. ಆಟವನ್ನು ಅಲ್ಲಿ ಬೇರೂರಿಸಿದವರಲ್ಲಿ ಇಂಗ್ಲಿಷ್ ವಿದ್ಯಾರ್ಥಿಗಳು ಇದ್ದರು. ಜ್ಯೂರಿಕ್‌ನ ಗ್ರಾಸ್‌ಹಾಪರ್ ಕ್ಲಬ್ಬನ್ನು 1886ರಲ್ಲಿ ಕಟ್ಟಿದ್ದೇ ಒಬ್ಬ ಇಂಗ್ಲಿಷ್ ವಿದ್ಯಾರ್ಥಿ. ಕ್ಲಬ್ಬುಗಳ ಇಂಗ್ಲಿಷ್ ಹೆಸರುಗಳನ್ನೂ ಅನುವಾದಿಸಬೇಡಿ. ‘ಯಂಗ್ ಬಾಯ್ಸ್ ಮಹಿಳಾ ತಂಡ’ ಎಂಬುದು ವಿಚಿತ್ರವಾಗಿ ಕೇಳಿದರೂ ಬರ್ನ್‌ನ ಆ ಕ್ಲಬ್ಬಿನ ಹೆಸರು 1898ರಿಂದ ಅದೇ, ಮತ್ತು 2025ರ ಚಾಂಪಿಯನ್ನರು ಆ ಹೆಣ್ಣುಮಕ್ಕಳೇ.

ಇದೇ ಕಾರಣಕ್ಕೆ, ‘ಯಂಗ್ ಬಾಯ್ಸ್’ ಎಂದಷ್ಟೇ ಬರೆದರೆ ಪುರುಷರ ತಂಡ, ಇನ್ನೊಂದಕ್ಕೆ ಮಾತ್ರ ‘ಮಹಿಳಾ’ ಎಂಬ ಪದ್ಧತಿ ಎರಡೂ ಬೆರೆತ ಬರಹದಲ್ಲಿ ಗೊಂದಲ ಮಾಡುತ್ತದೆ. ಪ್ರತಿ ಭಾಗದ ಮೊದಲಲ್ಲಿ ಎರಡನ್ನೂ ಸಮನಾಗಿ ಗುರುತಿಸಿ, ಆಮೇಲೆ ಕ್ಲಬ್ಬಿನ ಹೆಸರಷ್ಟೇ ಸಾಕು. ‘ತವರಿನ ಪಂದ್ಯ’ ಬರೆಯುವಾಗಲೂ ನೋಡಿಕೊಳ್ಳಿ: ಒಂದೇ ಕ್ಲಬ್ಬಿನ ಮಹಿಳಾ ತಂಡ ಹಲವೆಡೆ ಬೇರೆ ಚಿಕ್ಕ ಅಂಗಳದಲ್ಲಿ ಆಡುತ್ತದೆ. ಕ್ರೀಡಾಂಗಣದ ಹೆಸರು ಹಾಕಿದರೆ ತಕರಾರಿಲ್ಲ.

‘ನಾಟಿ’ ಎಂದು ಬರೆಯಬೇಡಿ. ನಮಗೆ ನಾಟಿ ಎಂದರೆ ಪೈರು ನೆಡುವುದು, ಇಲ್ಲವೇ ನಾಟಿ ತಳಿ. ಜರ್ಮನ್ ಮಾತಿನವರು ಅದನ್ನು ‘ನಾತ್ಸಿ’ ಎಂಬಂತೆ ಉಚ್ಚರಿಸುತ್ತಾರೆ, ಹಾಗೆ ಬರೆದರೆ ಹಿಟ್ಲರನ ಪಕ್ಷ ನೆನಪಾಗುತ್ತದೆ. ‘ಸ್ವಿಸ್ ರಾಷ್ಟ್ರೀಯ ತಂಡ’ ಎನ್ನಿ. ಹಳೆಯ ವರದಿಗಳಲ್ಲಿ ಇದೇ ಪದದ ನಂತರ ‘ಎ’ ಅಕ್ಷರ ಕಂಡರೆ ಅದು ರಾಷ್ಟ್ರೀಯ ತಂಡವಲ್ಲ, ಮೇಲಿನ ಲೀಗು. ಪುರುಷರ ಲೀಗಿಗೆ ಸೂಪರ್ ಲೀಗ್ ಎಂಬ ಹೆಸರು ಬಂದದ್ದು 2003ರಲ್ಲಿ, ಮಹಿಳೆಯರದಕ್ಕೆ 2020ರಲ್ಲಿ.

ಹೆಸರುಗಳಲ್ಲಿ ಹೆಚ್ಚು ಕೆಡುವುದು ಅಲ್ಬೇನಿಯನ್ ಮೂಲದವು. ಇಂಗ್ಲಿಷ್ ಅಕ್ಷರದ ಎಕ್ಸ್ ಮತ್ತು ಎಚ್ ಜೊತೆಯಾಗಿ ಬಂದರೆ ‘ಜ’. ಕ್ಯೂ ಬಂದರೆ ‘ಚ’ಕ್ಕೆ ಹತ್ತಿರ. ಹಾಗಾಗಿ ಜೆರ್ದಾನ್ ಶಾಚಿರಿ, ಗ್ರಾನಿತ್ ಜಾಕಾ, ರಿಯೋಲಾ ಜೆಮಾಯ್ಲಿ. ‘ಶಾಕಿರಿ’ ಬರವಣಿಗೆಯಲ್ಲಿ ಬೇರೂರಿದೆ, ಆದರೂ ತಿದ್ದುವುದು ಒಳ್ಳೆಯದು. 2024–25ರಲ್ಲಿ 18 ಗೋಲು ಹೊಡೆದು ಪುರುಷರ ಲೀಗಿನಲ್ಲಿ ಮೊದಲಿಗರಾದ ಶಾಚಿರಿಯ ಹೆಸರು ನಿಮ್ಮ ಬರಹದಲ್ಲಿ ಹತ್ತಾರು ಸಲ ಬರುತ್ತದೆ. ಜೆಮಾಯ್ಲಿಯದೂ ತಪ್ಪಬಾರದು. 2025ರ ಜುಲೈನಲ್ಲಿ ಸ್ವಿಟ್ಜರ್ಲೆಂಡ್ ನಡೆಸಿಕೊಟ್ಟ ಮಹಿಳೆಯರ ಯುರೋ ಕಪ್‌ನಲ್ಲಿ ಫಿನ್‌ಲ್ಯಾಂಡ್ ಎದುರು ಜಿನೀವಾದಲ್ಲಿ ಹೆಚ್ಚುವರಿ ಸಮಯದ ಗೋಲಿನಿಂದ 1–1 ಮಾಡಿ ತಂಡವನ್ನು ಮೊದಲ ಬಾರಿ ಕ್ವಾರ್ಟರ್‌ಫೈನಲ್‌ಗೆ ಒಯ್ದವರು ಅವರೇ.

ಉತ್ತರ 2:

ಮೇಲಿನ ವಾಕ್ಯದ ‘ಹೆಚ್ಚುವರಿ ಸಮಯ’ಕ್ಕೆ ಒಂದು ತಿದ್ದುಪಡಿ. 90 ನಿಮಿಷದ ಕೊನೆಯಲ್ಲಿ ರೆಫರಿ ಸೇರಿಸುವುದು ‘ಸೇರಿಸಿದ ಸಮಯ’. ನಾಕೌಟ್‌ನಲ್ಲಿ ಸಮಬಲವಾದಾಗ ಆಡಿಸುವ 30 ನಿಮಿಷ ‘ಹೆಚ್ಚುವರಿ ಸಮಯ’. ಜೆಮಾಯ್ಲಿ ಗೋಲು ಮೊದಲನೆಯದರಲ್ಲಿ ಬಂತು, ಗುಂಪಿನ ಪಂದ್ಯದಲ್ಲಿ ಎರಡನೆಯದು ಇರುವುದೇ ಇಲ್ಲ. ಸ್ವಿಸ್ ಕಪ್‌ನ ಭಾಗದಲ್ಲಿ ನಿಮಗೆ ಎರಡನೆಯದು ಬೇಕಾಗುತ್ತದೆ. ಮೂರನೆಯ ಹಂತದ ಲೀಗಿನ ಬೀಲ್ ತಂಡ ಸೆಮಿಫೈನಲ್‌ನಲ್ಲಿ ಯಂಗ್ ಬಾಯ್ಸ್ ಪುರುಷರನ್ನು 1–0ಯಿಂದ ಸೋಲಿಸಿದ್ದು ಹೆಚ್ಚುವರಿ ಸಮಯದಲ್ಲಿ. ಫೈನಲ್‌ನಲ್ಲಿ ಬಾಸೆಲ್ 4–1ರಿಂದ ಗೆದ್ದು ಲೀಗ್, ಕಪ್ ಎರಡನ್ನೂ ತನ್ನದಾಗಿಸಿಕೊಂಡಿತು.

ಊರುಗಳು: ಜ್ಯೂರಿಕ್ (ಜ್ಯೂರಿಚ್ ಅಲ್ಲ), ಟೂನ್ (ಥನ್ ಅಲ್ಲ), ವಿಂಟರ್‌ಟೂರ್, ಸಿಯೋಂ, ಈವೆರ್ದೋಂ. ನೀರಜ್ ಚೋಪ್ರಾ 2022ರಲ್ಲಿ ಡೈಮಂಡ್ ಲೀಗ್ ಕೂಟ ಗೆದ್ದ ಊರು ಲೋಝಾನ್, ‘ಲಾಸನ್ನೆ’ ಅಲ್ಲ. ಬೀಲ್ ಎರಡು ಭಾಷೆಯ ಊರು. ಫ್ರೆಂಚ್ ಹೆಸರು ಬಿಯೆನ್, ಅಧಿಕೃತವಾಗಿ ಎರಡನ್ನೂ ಜೊತೆಗೆ ಬರೆಯುತ್ತಾರೆ. ಮೊದಲ ಸಲ ‘ಬೀಲ್–ಬಿಯೆನ್’, ಆಮೇಲೆ ‘ಬೀಲ್’. ಜಿನೀವಾದ ಮಹಿಳಾ ತಂಡದ ಹೆಸರು ಸೆರ್ವೆಟ್ ಶೆನ್ವಾ. ‘ಚೆನೋಯಿಸ್’ ಎಂದು ಅಕ್ಷರ ಕೂಡಿಸಿ ಓದಬಾರದು.