ಹೆಪಟೈಟಿಸ್ ಸಿ (ಲಿವರಿನ ವೈರಸ್ ಕಾಯಿಲೆ) ವಾಸಿಯಾಗಿ ಒಂದೂವರೆ ವರ್ಷ, ಈಗ ಬಸುರಿ. ಮತ್ತೆ ಬರುತ್ತಾ? ಅನುಭವ ಇದ್ದವರು ಹೇಳಿ

ದಾವಣಗೆರೆ ಹುಡುಗಿ:
ನನಗೆ 29. ನಾಲ್ಕು ವರ್ಷದವಳಿದ್ದಾಗ ಒಂದು ಆಪರೇಷನ್ನಿಗೆ ರಕ್ತ ಹಾಕಿದ್ದರು, ಬಂದದ್ದು ಅಲ್ಲಿಂದಲೇ ಇರಬೇಕು ಅಂತಾರೆ. ಸರ್ಕಾರಿ ಮಾತ್ರೆ 84 ದಿನ ನುಂಗಿದೆ, ಸೋಫೋಸ್‌ಬುವಿರ್ ಮತ್ತು ಡಕ್ಲಾಟಾಸ್‌ವಿರ್. ಮುಗಿದ 12 ವಾರಕ್ಕೆ ವೈರಲ್ ಲೋಡ್ (ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ) ನೋಡಿದಾಗ ನಾಟ್ ಡಿಟೆಕ್ಟೆಡ್, ಅಂದ್ರೆ ಕಾಣಿಸಲಿಲ್ಲ. ಈಗ 11 ವಾರದ ಬಸುರಿ. ಮೊನ್ನೆ ರಕ್ತದ ರಿಪೋರ್ಟಲ್ಲಿ ಎಚ್‌ಸಿವಿ (ಅದೇ ಹೆಪಟೈಟಿಸ್ ಸಿ ವೈರಸ್) ಎದುರಿಗೆ ದಪ್ಪಕ್ಷರದಲ್ಲಿ ರಿಯಾಕ್ಟಿವ್, ಅಂದ್ರೆ ಪಾಸಿಟಿವ್. ಡಾಕ್ಟರು "ಅದು ವೈರಸ್ ಅಲ್ಲ, ಮೈ ಅದರ ವಿರುದ್ಧ ಮಾಡಿಕೊಂಡ ಆಂಟಿಬಾಡಿ, ಹಳೇ ಗುರುತು, ಸಾಯೋವರೆಗೂ ಇರುತ್ತೆ" ಅಂದರು. ಅಂದವರೇ ಮತ್ತೆ ವೈರಲ್ ಲೋಡ್‌ಗೂ ಬರೆದುಕೊಟ್ಟರು. ರಿಪೋರ್ಟಿಗೆ ಐದು ದಿನ. ನಿದ್ದೆ ಬರ್ತಿಲ್ಲ. ಅತ್ತೆಗೆ ಏನೂ ಗೊತ್ತಿಲ್ಲ. ವಾಸಿಯಾದ ಮೇಲೆ ಮಗು ಆದವರು ಯಾರಾದ್ರೂ ಇದ್ದೀರಾ?

ಮದ್ದೂರಿನಕ್ಕ:
ಮತ್ತೆ ಬರೋದು ಅಂದ್ರೇನು ಅಂತ ನನ್ನ ಕೇಳವ್ವ. ನೀವೆಲ್ಲ ಮಾತ್ರೆ ಕಾಲದವರು. ನಂದು 2012, ಸೂಜಿ ಕಾಲ. ಪೆಗ್ ಇಂಟರ್‌ಫೆರಾನ್, ವಾರಕ್ಕೊಂದು, 24 ವಾರ. ಒಂದಕ್ಕೆ 12,400. ಗುಣಿಸಿ ನೋಡಿ, 2,97,600. ಜೊತೆಗಿನ ಔಷಧಿ ರೈಬಾವಿರಿನ್ ಬೇರೆ, ರಕ್ತ ಪರೀಕ್ಷೆ ಬೇರೆ, ಬಸ್ ಚಾರ್ಜ್ ಬೇರೆ. ಬೆಂಗಳೂರಿಂದ ಐಸ್ ತುಂಬಿದ ಫ್ಲಾಸ್ಕಲ್ಲಿ ತರಬೇಕಿತ್ತು. ಒಂದ್ಸಲ ಬಿಡದಿ ಹತ್ರ ಬಸ್ಸು ಕೆಟ್ಟು ಮೂರು ಗಂಟೆ ನಿಂತ್ವಿ. ಫ್ಲಾಸ್ಕನ್ನ ಸೆರಗಲ್ಲಿ ಸುತ್ಕೊಂಡು ಕೂತಿದ್ದೆ. ಪಕ್ಕದ ಅಜ್ಜಿ ಕಾಲು ಉಳುಕಿದೆ, ಒಂದು ಚೂರು ಐಸ್ ಕೊಡು ಮಗ ಅಂತು. ಕೊಡಲಿಲ್ಲ. ಇವತ್ತಿಗೂ ನೆನೆಸ್ಕೊಂಡ್ರೆ ನಾಚಿಕೆ.

ಸೂಜಿ ಹಾಕಿದ ರಾತ್ರಿ ಮೂರು ಕಂಬಳಿ ಹೊದ್ರೂ ನಡುಕ. ಹಿಮೋಗ್ಲೋಬಿನ್ 12ರಿಂದ 7.8ಕ್ಕೆ ಇಳೀತು. ಜಡೆ ಹೋಗಿ ಇಲಿ ಬಾಲ ಆಯ್ತು. ಮುಗಿದಾಗ ವೈರಸ್ ಇಲ್ಲ ಅಂದ್ರು, ಮಾದಪ್ಪನ ಬೆಟ್ಟಕ್ಕೆ ಹೋಗಿ ಹರಕೆ ತೀರಿಸ್ಕೊಂಡು ಬಂದೆ. ಮೂರು ತಿಂಗಳಿಗೆ ನೋಡಿದ್ರೆ 14 ಲಕ್ಷ! ರೂಪಾಯಿ ಅಲ್ಲ, ವೈರಸ್ಸು.

2015ರಲ್ಲಿ ಸೋಫೋಸ್‌ಬುವಿರ್ ನಮ್ಮ ದೇಶದ್ದೇ ಬಂತು, 28 ಮಾತ್ರೆ ಡಬ್ಬಿಗೆ 19,900. ನಂದು ಜೀನೋಟೈಪ್ 3, ವೈರಸ್ಸಿನ ಮೂರನೇ ಜಾತಿ, ಅದಕ್ಕೆ ಆರು ಡಬ್ಬಿ, ಜೊತೆಗೆ ಮತ್ತದೇ ರೈಬಾವಿರಿನ್. 1,19,400. ಎರಡು ಬಳೆ ಹೋದ್ವು. ರೈಬಾವಿರಿನ್ನಿಂದ ಮಗೂಗೆ ಊನ ಆಗುತ್ತೆ, ಮುಗಿದ ಮೇಲೂ ಆರು ತಿಂಗಳು ಬಸುರಾಗಬಾರದು ಅಂದ್ರು. ನನಗಾಗಲೇ 34. ಕ್ಯಾಲೆಂಡರಲ್ಲಿ ದಿನಾ ಒಂದು ಗೀಟು ಎಳೀತಿದ್ದೆ. ಮಗಳು ಹುಟ್ಟಿದ್ದು 2017ರಲ್ಲಿ. ಬರೋದಿದ್ರೆ ಹೆಚ್ಚಾಗಿ ಔಷಧಿ ಬಿಟ್ಟ ಮೊದಲ ಮೂರು ತಿಂಗಳಲ್ಲೇ ಬರುತ್ತೆ, ನನಗೆ ಬಂದಂಗೆ.

ಹುಬ್ಬಳ್ಳಿಯಾಂವ:
ಅಕ್ಕಾರ, ನಿಮ್ಮ ಕಷ್ಟ ದೊಡ್ಡದೈತಿ, ಇಲ್ಲ ಅನ್ನಂಗಿಲ್ಲ. ಆದ್ರ ಸೂಜಿ ಕಾಲದ ಕಥಿ ಹೇಳಿ ಬಸುರಿ ಹುಡುಗೀನ ಯಾಕ ಹೆದರಸ್ತೀರಿ? 2018ರ ಜುಲೈ 28ರಿಂದ ಕೇಂದ್ರ ಸರ್ಕಾರದ ಕಾರ್ಯಕ್ರಮದಾಗ ಮಾತ್ರಿ ಪುಕ್ಕಟ.

ನಮ್ಮಾಕಿದು ಬಸುರಿದ್ದಾಗನ ಗೊತ್ತಾತು. ಹೆರಿಗಿ ಆದ ಮ್ಯಾಲೆ ಮಾತ್ರಿ ಸುರು ಮಾಡೋಣು ಅಂದ್ರು. ನೂರು ಕೂಸಿನ್ಯಾಗ ಐದಾರಕ್ಕ ದಾಟತೈತಿ ಅಂತ ಹೇಳಿದ್ರು. ಉಳದ 94 ನನ್ನ ತಲ್ಯಾಗ ಬರಲೇ ಇಲ್ಲ. ಕೂಸಿಗೆ ಆರು ತಿಂಗಳಾದಾಗ ಯಾರ ಮಾತೂ ಕೇಳದ ಲ್ಯಾಬಿಗೆ ಒಯ್ದು ಆಂಟಿಬಾಡಿ ಮಾಡಿಸಿದೆ. ರಿಯಾಕ್ಟಿವ್. ಅವತ್ತ ಮನ್ಯಾಗ ಒಲಿ ಹಚ್ಚಲಿಲ್ಲ. ಮರುದಿನ ಡಾಕ್ಟರ್ ನನಗ ಚಲೋತ್ನ್ಯಾಗ ಬೈದ್ರು: ಅದು ತಾಯಿ ಕೊಟ್ಟ ಆಂಟಿಬಾಡಿ, ಹದಿನೆಂಟು ತಿಂಗಳಮಟ ಇರಬಹುದು, ನಿನಗ ಯಾರು ಮಾಡಸಂದ್ರು? ಮತ್ತ 4,800 ಕೊಟ್ಟು ವೈರಸ್ ಐತೋ ಇಲ್ಲೋ ನೋಡೋ ಆರ್‌ಎನ್‌ಎ ಮಾಡಿಸಿದೆ, ವೈರಸ್ ಇಲ್ಲ. ಹದಿನೆಂಟು ತಿಂಗಳಿಗೆ ಆಂಟಿಬಾಡಿನೂ ಹೋಗಿತ್ತು. ಆ ಸಣ್ಣ ಕೈಗೆ ಎರಡು ಸೂಜಿ ಸುಮ್ಮನ ಚುಚ್ಚಿಸಿದೆ, ನನ್ನ ಅವಸರಕ್ಕ. ಎದಿಹಾಲು ಕುಡಿಸ್ಯಾಳ, ತೊಟ್ಟು ಒಡದು ರಕ್ತ ಬಂದ ನಾಕು ದಿನ ಬಿಟ್ಟು.

ಮದ್ದೂರಿನಕ್ಕ:
ಹೆದರಿಸಿದ್ನಾ? ಮಗಳು ಹುಟ್ಟಿದ್ಲು ಅಂತಲೂ ಬರೆದಿದ್ದೀನಲ್ಲ, ಅದನ್ನ ಓದಲಿಲ್ವಾ? ಪುಕ್ಕಟೆ ಮಾತ್ರೆಯವರಿಗೆ ಬಳೆ ಮಾರಿದವರ ಕಥೆ ಹಳೇದಾಗೇ ಕಾಣುತ್ತೆ ಬಿಡಿ.

ಹುಬ್ಬಳ್ಳಿಯಾಂವ:
ಪುಕ್ಕಟ ಅಂದ್ರ ಬಿಟ್ಟಿ ಅಲ್ರೀ. ನಮ್ಮ ತೆರಿಗಿ ರೊಕ್ಕ. ಇದs ಔಷಧಕ್ಕ ಅಮೆರಿಕಾದಾಗ ಹನ್ನೆರಡು ವಾರಕ್ಕ 84,000 ಡಾಲರ್ ಇತ್ತು, ನಿಮಗ 19,900ಕ್ಕ ಡಬ್ಬಿ ಸಿಕ್ಕಿದ್ದೂ ಪುಣ್ಯಾನ.

ಮಲೆನಾಡಿಗ:
ಇಷ್ಟೊಂದು ಖರ್ಚು ಯಾಕೆ ಮಾಡ್ತೀರೋ. ನಮ್ಮಜ್ಜಿ ಕಿರುನೆಲ್ಲಿ ಬೇರು ಸಮೇತ ಅರೆದು ಮಜ್ಜಿಗೇಲಿ ಕೊಡ್ತಿದ್ದರು, ಬೆಳಿಗ್ಗೆ ಖಾಲಿ ಹೊಟ್ಟೆಗೆ, ಮೂರೇ ದಿನ. ಎಣ್ಣೆ, ಖಾರ ಬಂದ್. ಊರಲ್ಲಿ ಕಾಮಾಲೆ ಆದವರೆಲ್ಲ ಎದ್ದು ಓಡಾಡಿದ್ದಾರೆ. ಇನ್ನು ಮಗುವಿಗೆ ಹುಟ್ಟಿದ ತಕ್ಷಣ ಲಸಿಕೆ ಹಾಕ್ತಾರಲ್ಲ, ಚಿಂತೆ ಏನು?

ಸ್ಟಾಫ್ ನರ್ಸ್, ತುಮಕೂರು:
ಸ್ವಾಮಿ, ಹುಟ್ಟಿದ ದಿನ ಹಾಕೋದು ಹೆಪಟೈಟಿಸ್ ಬಿ ಲಸಿಕೆ. ಹೆಪಟೈಟಿಸ್ ಸಿಗೆ ಲಸಿಕೆಯೇ ಇಲ್ಲ. ನಿಮ್ಮಜ್ಜಿ ನೋಡಿದ್ದರಲ್ಲಿ ಮುಕ್ಕಾಲು ಪಾಲು ನೀರಿಂದ ಬರೋ ಹೆಪಟೈಟಿಸ್ ಎ ಇರಬೇಕು, ಮಜ್ಜಿಗೆ ಕೊಟ್ಟರೂ ಹೋಗುತ್ತೆ, ಕೊಡದಿದ್ದರೂ ಹೋಗುತ್ತೆ. ಸಿ ಇದ್ದವರಿಗೆ ಎಷ್ಟೋ ವರ್ಷ ಕಣ್ಣು ಹಳದಿಯೇ ಆಗಲ್ಲ. ಬಿ ಲಿವರ್ ಒಳಗೆ ಅಡಗಿ ಕೂತು ಮತ್ತೆ ಏಳಬಹುದು, ಸಿ ಹಾಗಲ್ಲ. ಔಷಧಿ ಮುಗಿದು 12 ವಾರ ದಾಟಿಯೂ ವೈರಸ್ ಇಲ್ಲ ಅಂದ್ರೆ ಹೋಯ್ತು, ಬಸುರಿನಿಂದ ಏಳಲ್ಲ. ಆಮೇಲೆ ಕಾಣಿಸಿದ್ರೆ ಹೆಚ್ಚಾಗಿ ಹೊಸದಾಗಿ ಅಂಟಿದ್ದು, ಕೆಟ್ಟ ಸೂಜಿ, ಡಯಾಲಿಸಿಸ್, ಆ ಥರ.

ಮಲೆನಾಡಿಗ:
ಅಜ್ಜಿ ವಿಷಯಕ್ಕೆ ಬರಬೇಡಿ. ಅವರು ಒಬ್ಬರ ಹತ್ತಿರವೂ ಒಂದು ಪೈಸೆ ತಗೊಂಡವರಲ್ಲ.

ಕುಡ್ಲದಮ್ಮ:
ವೈರಸ್ಸಿನ ಕತೆ ಬಿಡಿ ಮಾರ್ರೆ, ಆಸ್ಪತ್ರೆ ಕತೆ ಕೇಳಿ. ನನ್ನದು ವಾಸಿಯಾಗಿ ನಾಲ್ಕು ವರ್ಷ ಆಗಿತ್ತು, ಕೈಯಲ್ಲಿ ಎರಡು ಆರ್‌ಎನ್‌ಎ ರಿಪೋರ್ಟ್ ಉಂಟು. ಒಂದು ಖಾಸಗಿ ಆಸ್ಪತ್ರೆಗೆ ಹೋದ್ರೆ ಆಂಟಿಬಾಡಿ ನೋಡಿ ಫೈಲಿಗೆ ಕೆಂಪು ಸ್ಟಿಕ್ಕರ್. ಬೆಳಿಗ್ಗೆ ಏಳಕ್ಕೆ ಸಿಸೇರಿಯನ್ ಅಂದವರು ಎಲ್ಲರದ್ದೂ ಮುಗಿಸಿ ಸಂಜೆ ನಾಲ್ಕಕ್ಕೆ ಕರ್ಕೊಂಡು ಹೋದ್ರು, ಅಲ್ಲಿವರೆಗೆ ಗುಟುಕು ನೀರಿಲ್ಲ. ಮೇಲಿಂದ ಪಾಸಿಟಿವ್ ಕಿಟ್ (ಡಾಕ್ಟರ್, ನರ್ಸ್ ಹಾಕುವ ಗೌನು, ಗ್ಲೌಸು) ಅಂತ 6,500. ನನ್ನ ಅತ್ತೆಗೆ ಗೊತ್ತಾದದ್ದು ಆ ಸ್ಟಿಕ್ಕರ್‌ನಿಂದ. ಮಗು ನೋಡಲಿಕ್ಕೆ ಬಂದವರು ಬಾಗಿಲಲ್ಲೇ ನಿಂತ್ರು. ಎರಡನೇದಕ್ಕೆ ನಾನು ಎಂತದೂ ಹೇಳಲಿಲ್ಲ. ನೀನೂ ಹೇಳ್ಬೇಡ.

ಸ್ಟಾಫ್ ನರ್ಸ್, ತುಮಕೂರು:
ಹೇಳಬೇಡ ಅನ್ನೋದು ತಪ್ಪು. ರೋಗಿಗೆ ಹಾಕಿದ ಸೂಜಿ ಒಂದ್ಸಲ ನನ್ನ ಬೆರಳಿಗೆ ಚುಚ್ಚಿತ್ತು. ನನಗೂ ಅಂಟಿತಾ ಅನ್ನೋ ಭಯಕ್ಕೆ ಆರು ತಿಂಗಳು ನಾನು ನನ್ನ ಮಗನ ಉಗುರು ಕತ್ತರಿಸಿಲ್ಲ, ಗೊತ್ತಾ?

ಕುಡ್ಲದಮ್ಮ:
ಗ್ಲೌಸು ಎಲ್ಲರಿಗೂ ಹಾಕ್ಬೇಕು ಅಂತ ನಿಮಗೇ ಕಲಿಸುವುದಲ್ವಾ? ನನ್ನ ಮೈಯಲ್ಲಿ ಇಲ್ಲದ್ದನ್ನು ನಾನು ಎಂತಕ್ಕೆ ಹೇಳ್ಬೇಕು?

ಸ್ಟಾಫ್ ನರ್ಸ್, ತುಮಕೂರು:
ಹಾಕಬೇಕು, ಹಾಕ್ತೀವಿ. ಸ್ಟಿಕ್ಕರ್ ಅಂಟಿಸಿದ್ದು ತಪ್ಪೇ, ನೀರು ಕೊಡದೆ ಮಲಗಿಸಿದ್ದೂ ತಪ್ಪೇ. ಆದ್ರೆ ಹೇಗೂ ಟೆಸ್ಟಲ್ಲಿ ರಿಯಾಕ್ಟಿವ್ ಬರುತ್ತೆ. ಮುಚ್ಚಿಟ್ಟವಳು ಅನ್ನೋ ಹೆಸರು ಬೇರೆ ಯಾಕೆ? ಆರ್‌ಎನ್‌ಎ ರಿಪೋರ್ಟನ್ನ ಮೊದಲ ದಿನವೇ ಫೈಲಿನ ಮೇಲೇ ಹಾಕಿಸಬೇಕು.

ಮದ್ದೂರಿನಕ್ಕ:
ನಾನು ಲ್ಯಾಮಿನೇಷನ್ ಮಾಡಿಸಿ ಬ್ಯಾಗಲ್ಲಿ ಇಟ್ಟಿದ್ದೆ, 30 ರೂಪಾಯಿ. ಆಧಾರ್ ಕಾರ್ಡಿಗಿಂತ ಹೆಚ್ಚು ಸಲ ತೋರಿಸಿದ್ದೀನಿ.

ದಾವಣಗೆರೆ ಹುಡುಗಿ:
ಎಲ್ಲರಿಗೂ ಥ್ಯಾಂಕ್ಸ್. ರಿಪೋರ್ಟ್ ಇನ್ನೂ ಬಂದಿಲ್ಲ, ನಾಳಿದ್ದು. ಹಳೇ ರಿಪೋರ್ಟ್ ಹುಡುಕಿದೆ, ಅಕ್ಷರ ಮಾಸಿದೆ. ಅತ್ತೆ ಬಂದು ಬೀರು ಯಾಕೆ ಕೆದಕ್ತಿದ್ದೀಯ ಅಂದ್ರು. ಸೀರೆ ಅಂದೆ.

ಮದ್ದೂರಿನಕ್ಕ:
ಮೊದಲು ಜೆರಾಕ್ಸ್ ಮಾಡಿಸು ತಾಯಿ. ಗಂಡಂಗೆ ಗೊತ್ತು ತಾನೆ?

ದಾವಣಗೆರೆ ಹುಡುಗಿ:
ಗೊತ್ತು. ಮದುವೆಗೆ ಮುಂಚೆಯೇ ಹೇಳಿದ್ದೆ.

ಹುಬ್ಬಳ್ಳಿಯಾಂವ:
ಮತ್ತೇನ ಬೇಕವಾ. ಕುಡ್ಲದಮ್ಮಾರ, ಆ 6,500 ಕಿಟ್ಟಿನ ಬಿಲ್ ಐತೇನ್ರಿ? ಹಾಕ್ರಿ ಇಲ್ಲೆ, ನೋಡೂಣು.

ಕುಡ್ಲದಮ್ಮ:
ಬಿಲ್ಲಾ? ಬಿಳಿ ಚೀಟಿಯಲ್ಲಿ ಪೆನ್ಸಿಲಿಂದ ಬರೆದು ಕೊಟ್ಟದ್ದು ಮಾರ್ರೆ. ದುಡ್ಡು ಕೊಟ್ಟ ಮೇಲೆ ಚೀಟಿ ವಾಪಸ್ ತಗೊಂಡ್ರು.