ಪದಚರ್ಚೆ: ಐಎಸ್‌ಆರ್‌ಸಿಯನ್ನು ‘ಹಾಡಿನ ಸಂಖ್ಯೆ’ ಎನ್ನಬಹುದೇ?

ಪ್ರಶ್ನೆ: ಆಡಿಯೋ ಹಕ್ಕಿನ ಒಪ್ಪಂದವೊಂದರ ಕನ್ನಡ ಕರಡಿನಲ್ಲಿ, ಪ್ರತಿ ಧ್ವನಿಮುದ್ರಣಕ್ಕೂ ಕೊಡುವ ಅಂತರರಾಷ್ಟ್ರೀಯ ಗುರುತಾದ ಐಎಸ್‌ಆರ್‌ಸಿಗೆ ‘ಹಾಡಿನ ಅನನ್ಯ ಸಂಖ್ಯೆ’ ಎಂದೂ ಅದರೊಳಗಿನ ವರ್ಷಕ್ಕೆ ‘ಧ್ವನಿಮುದ್ರಣದ ವರ್ಷ’ ಎಂದೂ ಬರೆದಿದೆ. ಇವು ಸರಿಯೇ?

ಉತ್ತರ: ಎರಡೂ ಸರಿಯಲ್ಲ. ತೊಡಕಿರುವುದು ‘ಹಾಡು’ ಎಂಬಲ್ಲಿ. ಒಂದೇ ದೇವರನಾಮವನ್ನು ಐವರು ಬೇರೆ ಬೇರೆಯಾಗಿ ಹಾಡಿ ಮುದ್ರಿಸಿದರೆ ಹಾಡು ಒಂದು, ಕೋಡ್ ಐದು. ಅವರಲ್ಲೊಬ್ಬರು ಕಛೇರಿಯಲ್ಲಿ ಅದನ್ನೇ ಹಾಡಿದ್ದು ಬಿಡುಗಡೆಯಾದರೆ ಆರನೆಯದು, ದನಿ ತೆಗೆದು ಕರೋಕೆ ಟ್ರ್ಯಾಕ್ ಮಾಡಿದರೆ ಏಳನೆಯದು. ರಚನೆಗೆ ಬೇರೆಯೇ ಕೋಡ್ ಇದೆ: ‘ಟಿ’ ಅಕ್ಷರದಿಂದ ಶುರುವಾಗುವ ಐಎಸ್‌ಡಬ್ಲ್ಯೂಸಿ.

‘ಧ್ವನಿಮುದ್ರಿಕೆ’ಯೂ ಒಗ್ಗದು. ಅದು ಕ್ಯಾಸೆಟ್ಟು, ಸಿಡಿಯಂಥ ವಸ್ತು. ಅದರ ಗುರುತು ಬಾರ್‌ಕೋಡ್. ಹಳೆಯ ಧ್ವನಿಸುರುಳಿಯ ಮುದ್ರಣವನ್ನೇ ಸಂಕಲನಕ್ಕೆ ಹಾಕಿದರೂ, ಹಕ್ಕು ಬೇರೆಯವರಿಗೆ ಮಾರಿದರೂ ಐಎಸ್‌ಆರ್‌ಸಿ ಹಾಗೆಯೇ ಉಳಿಯುತ್ತದೆ. ಹೊಸದು ಕೊಟ್ಟರೆ ಒಂದೇ ಮುದ್ರಣದ ಕೇಳುಗರ ಲೆಕ್ಕವೂ ರಾಯಲ್ಟಿಯೂ ಎರಡು ಹೋಳಾಗುತ್ತವೆ. ಆದ್ದರಿಂದ ‘ಧ್ವನಿಮುದ್ರಣ’ವೇ ಇರಲಿ. ಒಳಗೆ ಅಕ್ಷರಗಳೂ ಇರುವುದರಿಂದ ‘ಸಂಖ್ಯೆ’ ಬೇಡ. ‘ಸಂಕೇತ’ ನಡೆದೀತು, ಸ್ಟುಡಿಯೋದವರು ‘ಕೋಡ್’ ಎಂದೇ ಅನ್ನುವುದು.

ಒಟ್ಟು 12 ಸ್ಥಾನ: ಎರಡು ಅಕ್ಷರ, ನೋಂದಣಿದಾರರ ಗುರುತಾಗಿ ಮೂರು, ವರ್ಷಕ್ಕೆ ಎರಡು ಅಂಕಿ, ಕ್ರಮಸಂಖ್ಯೆಗೆ ಐದು. ವರ್ಷ ಎಂದರೆ ಕೋಡ್ ಕೊಟ್ಟ ವರ್ಷ. 1984ರಲ್ಲಿ ಮುದ್ರಿಸಿದ ಭಾವಗೀತೆಗೆ 2025ರಲ್ಲಿ ಮೊದಲ ಬಾರಿ ಕೋಡ್ ಕೊಟ್ಟರೆ ಅಲ್ಲಿ ಬರುವುದು 25. ‘ಕೋಡ್ ನೀಡಿದ ವರ್ಷ’ ಎಂದು ತಿದ್ದಿ, ಇಲ್ಲದಿದ್ದರೆ ಹಕ್ಕಿನ ಅವಧಿ ಎಣಿಸುವವರು ದಾರಿ ತಪ್ಪುತ್ತಾರೆ.

ಮತ್ತೊಂದು ಉತ್ತರ: ಮೊದಲೆರಡು ಅಕ್ಷರಕ್ಕೆ ‘ದೇಶ’ ಎಂದಿದ್ದರೆ ಅದನ್ನೂ ತೆಗೆಯಿರಿ. ಭಾರತಕ್ಕೆ ‘ಐಎನ್’ ಇದೆ, ನಿಜ. ಆದರೆ ಅಮೆರಿಕಕ್ಕೆ ‘ಯುಎಸ್’ ಸಾಲದೆ ‘ಕ್ಯೂಎಮ್’, ‘ಕ್ಯೂಝಡ್’ ಕೂಡ ಸೇರಿವೆ. ಆ ಹೆಸರಿನ ದೇಶಗಳಿಲ್ಲ. ಈ ಕೋಡಿನ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್ಒ 3901ರ 2019ರ ಆವೃತ್ತಿ ಮೊದಲ ಐದು ಸ್ಥಾನವನ್ನು ಒಂದೇ ತುಂಡಾಗಿ ನೋಡುತ್ತದೆ. ಇಂಗ್ಲಿಷಿನಲ್ಲಿ ಆ ತುಂಡು ‘ಪ್ರಿಫಿಕ್ಸ್’. ಅದಕ್ಕೆ ‘ಪೂರ್ವಪ್ರತ್ಯಯ’ ಎಂದರೆ ವ್ಯಾಕರಣದ ವಾಸನೆ, ‘ಆರಂಭ ಸಂಕೇತ’ ಸಾಕು.

ನಡುವಿನ ಅಡ್ಡಗೆರೆಗಳು ಓದುವ ಅನುಕೂಲಕ್ಕಷ್ಟೇ, ಕೋಡಿನ ಭಾಗವಲ್ಲ. ಒಪ್ಪಂದದ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ತುಂಡು ತುಂಡಾಗಿ ಬೇರೆ ಬೇರೆ ಕಾಲಂಗೆ ಹಾಕಿದರೆ 00017 ಹೋಗಿ 17 ಉಳಿಯುತ್ತದೆ. ಆ ಕಾಲಂಗಳನ್ನು ಮೊದಲೇ ‘ಟೆಕ್ಸ್ಟ್’ ಮಾಡಿಡಿ.